ನೀರಿನ ದಾರಿಯಲ್ಲಿ ಹೂತಿಟ್ಟದ್ದು

ಇಸಳೂರಿನ ಮಹೇಶ್ವರಿಯ ಕಸುಬು ಕೃತಕ ಕಾಲು ಮಾಡುವುದು. ಮನೆಗೆ ತಾಗಿದ ಶೆಡ್ಡಿನಲ್ಲಿ ಪ್ಲಾಸ್ಟರಿನ ಅಚ್ಚುಗಳು ಸಾಲಾಗಿ ಒಣಗುತ್ತಿರುತ್ತವೆ. ಯಲ್ಲಾಪುರ, ಸಿದ್ದಾಪುರದ ಕಡೆಯಿಂದಲೂ ಜನ ಬಸ್ಸು ಹತ್ತಿ ಬಂದು ಅಳತೆ ಕೊಟ್ಟು ಹೋಗುತ್ತಾರೆ. ಅವಳ ಹುಟ್ಟೂರು ಮನ್ಮನೆ. ಅವಳಿಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಬೀರ ಲಾರಿಗೆ ನಾಟಾ ತುಂಬುತ್ತಿದ್ದ. ದಿಮ್ಮಿಯೊಂದು ಉರುಳಿ ಅವನ ಬಲಗಾಲು ಹೋಯಿತು. ಯಾವುದೋ ಶಿಬಿರದಲ್ಲಿ ಕೊಟ್ಟ ಕಾಲು ದಿನವೂ ಉಜ್ಜಿ ಗಾಯ ಮಾಡುತ್ತಿತ್ತು. "ಇದು ಯಾರ್ದೋ ಕಾಲು, ನಂದಲ್ಲ" ಎಂದು ಬೀರ ಅದನ್ನು ಅಟ್ಟಕ್ಕೆ ಹಾಕಿದ. ಆ ಮಾತು ಮನಸ್ಸಿನಲ್ಲಿ ನಿಂತೇ ಮಗಳು ಹುಬ್ಬಳ್ಳಿಗೆ ಹೋಗಿ ಈ ಕೆಲಸ ಕಲಿತಳು.

ಇಪ್ಪತ್ತೊಂಬತ್ತನೆಯ ವರ್ಷಕ್ಕೆ ಅವಳಿಗೆ ಒಂದು ಕರೆ ಬಂತು. ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ದುಡಿಯುವ ಒಂದು ಸೇವಾಸಂಸ್ಥೆ ದಕ್ಷಿಣ ಸುಡಾನಿಗೆ ಎಂಟು ತಿಂಗಳ ಮಟ್ಟಿಗೆ ಕಾಲು ಮಾಡುವವರನ್ನು ಹುಡುಕುತ್ತಿತ್ತು.

"ಅಲ್ಲಿ ಗುಂಡು ಹಾರ್ತದಂತೆ ಕಣೇ. ಕಾಲಿಲ್ಲದವ್ರು ಇಲ್ಲೇ ಇಲ್ವಾ?" ಎಂದಳು ಅವ್ವ ಹೊನ್ನಿ.

"ಹೋಗ್ಲಿ ಬಿಡು," ಎಂದ ಬೀರ. "ಸರಿಯಾಗಿ ಅಳತೆ ತಗಳೋರು ಅಲ್ಲೂ ಒಬ್ರು ಬೇಕಲ್ಲ."

ಅಲ್ಲಿಯ ಆಶ್ರಯಧಾಮದಲ್ಲಿ ಸುಮಾರು ನಲವತ್ತು ಮಕ್ಕಳಿದ್ದರು. ಕೆಲವರು ಬಾಂಬಿಗೆ ಸಿಕ್ಕವರು, ಮನೆ ಸುಟ್ಟುಹೋದವರು. ಇನ್ನು ಕೆಲವರು ಬಂಡುಕೋರರ ಕೈಯಿಂದ ಬಿಡಿಸಿ ತಂದ, ಬಂದೂಕು ಹಿಡಿದಿದ್ದ ಮಕ್ಕಳು. ಎಲ್ಲರಿಗೂ ಒಂದೇ ಅಂಗಳ, ಒಂದೇ ಊಟ. ಮಹೇಶ್ವರಿಗೂ ಮಕ್ಕಳಿಗೂ ನಡುವೆ ಮಾತು ದಾಟಿಸುತ್ತಿದ್ದವಳು ಅಚೋಲ್ ಎಂಬ ಹಿರಿಯ ಹೆಂಗಸು, ಹಿಂದೆ ಶಾಲೆಯ ಟೀಚರ್ ಆಗಿದ್ದವಳು.

ಅಲ್ಲಿ ನ್ಯಾಬೋಲ್ ಎಂಬ ಹನ್ನೊಂದರ ಹುಡುಗಿಯಿದ್ದಳು. ಅವ್ವನ ಜೊತೆ ನೀರಿಗೆ ಹೋಗುವಾಗ ನೆಲಬಾಂಬು ಸಿಡಿದು ಅವ್ವ ಸತ್ತಳು, ಇವಳ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಮಜೋಕ್ ಎಂಬವನಿಗೆ ಹದಿನಾಲ್ಕು ವರ್ಷ, ಬಲಗೈ ಮಣಿಕಟ್ಟಿನಿಂದಾಚೆ ಇರಲಿಲ್ಲ. ಇಬ್ಬರೂ ಸದಾ ಜೊತೆಗೆ. ಅವನು ಅವಳನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದ. ಅವಳು ಅವನ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದಳು. ನೋಡಿದಾಗೆಲ್ಲ ಮಹೇಶ್ವರಿಗೆ ಅಣ್ಣ ತಂಗಿಯರನ್ನು ಕಂಡಂತಾಗುತ್ತಿತ್ತು.

ಆರನೆಯ ವಾರ ಮಜೋಕನಿಗೆ ಕೃತಕ ಕೈ ಮಾಡಿಕೊಡಲು ಅರ್ಜಿ ತುಂಬಬೇಕಾಗಿತ್ತು. ಕೈ ಹೇಗೆ ಹೋಯಿತು ಎಂದು ಬರೆಯಲು ಒಂದು ಸಾಲಿತ್ತು. ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸುತ್ತಲೇ ಮಹೇಶ್ವರಿ ಆ ಪ್ರಶ್ನೆ ಕೇಳಿದಳು. ಅವನು ತಲೆ ತಗ್ಗಿಸಿ ಒಂದೇ ಉಸಿರಿಗೆ ಏನೋ ಹೇಳಿದ. ಮಹೇಶ್ವರಿ ಅಚೋಲಳ ಕಡೆ ತಿರುಗಿದಳು.

"ಏನು ಹೇಳಿದ?"

"ಅವನ ಕೈಯಲ್ಲಿ ಬಂಡುಕೋರರು ನೆಲಬಾಂಬು ಹೂಳಿಸುತ್ತಿದ್ದರಂತೆ. ಸಣ್ಣ ಕೈಗೆ ಆ ಕೆಲಸ ಸುಲಭವಂತೆ. ಹನ್ನೊಂದು ಹೂತನಂತೆ. ಹನ್ನೆರಡನೆಯದು ಕೈಯಲ್ಲೇ ಸಿಡಿಯಿತಂತೆ." ಅಚೋಲ್ ಆಮೇಲೆ ಊರಿನ ಹೆಸರು ಹೇಳಿದಳು. "ಅಲ್ಲಿಯ ನೀರಿನ ದಾರಿಯಲ್ಲಿ."

ಅದು ನ್ಯಾಬೋಲಳ ಊರು.

ಮಹೇಶ್ವರಿಗೆ ಮುಂದೇನೂ ಕೇಳಿಸಲಿಲ್ಲ. ಎಷ್ಟು ಹೊತ್ತು ಹಾಗೇ ಕೂತಿದ್ದಳೋ, ಬಕೆಟ್ಟಿನಲ್ಲಿದ್ದ ಕೈ ಸುಡತೊಡಗಿದಾಗ ಎಚ್ಚರವಾಯಿತು. ಪ್ಲಾಸ್ಟರ್ ಬೆರಳುಗಳ ಸುತ್ತ ಗಟ್ಟಿಯಾಗಿತ್ತು. ಅಚೋಲ್ ಸುತ್ತಿಗೆಯಲ್ಲಿ ಮೆಲ್ಲಗೆ ಒಡೆದು ಬಿಡಿಸಿದಳು.

ಆ ಹುಡುಗಿಗೆ ಗೊತ್ತಾದರೆ? ಅವನ ಬೆನ್ನ ಮೇಲೆ ಕೂತು ನಗುವವಳಿಗೆ? ಮಹೇಶ್ವರಿ ಅಂದೇ ಇಬ್ಬರೂ ತನ್ನ ಬಳಿ ಬರುವ ಹೊತ್ತನ್ನು ಬೇರೆ ಮಾಡಿದಳು. ಮಜೋಕ್ ಬಂದರೆ ಏನೋ ನೆಪ ಹೇಳಿ ಕಳಿಸುತ್ತಿದ್ದಳು. ಅವನ ಉಳಿದ ಕೈಯನ್ನು ನೋಡಲೂ ಅವಳಿಂದ ಆಗುತ್ತಿರಲಿಲ್ಲ. ನಾಲ್ಕನೆಯ ದಿನ ನ್ಯಾಬೋಲ್ ಊರುಗೋಲು ಕುಟ್ಟುತ್ತ ಒಬ್ಬಳೇ ಬಂದಳು.

"ಅವನನ್ನು ಯಾಕೆ ದೂರ ಇಟ್ಟಿದ್ದೀ?"

ಅಚೋಲ್ ಮಾತು ದಾಟಿಸಿದಾಗ ಮಹೇಶ್ವರಿ ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟಳು.

"ನನಗೆ ಗೊತ್ತು," ಎಂದಳು ಹುಡುಗಿ. "ನಾನು ಇಲ್ಲಿಗೆ ಬಂದ ದಿನವೇ ನನ್ನ ಊರು ಯಾವುದೆಂದು ಕೇಳಿ, ಅವನೇ ಹೇಳಿದ. ನಾನು ಅವನ ತೋಳು ಕಚ್ಚಿದೆ, ರಕ್ತ ಬರುವ ಹಾಗೆ. ಅವನು ತೋಳು ಎಳೆದುಕೊಳ್ಳಲಿಲ್ಲ. ಆಮೇಲೆ ಕೇಳಿದೆ, ಉಳಿದವು ಎಲ್ಲಿವೆ ಅಂತ."

ಮಜೋಕನ ತೋಳಿನ ಮೇಲೆ ಅರ್ಧಚಂದ್ರದಂಥ ಕಲೆಯಿತ್ತು. ಮಹೇಶ್ವರಿ ಅದನ್ನು ಎಷ್ಟೋ ಸಲ ನೋಡಿದ್ದಳು. ನಾಯಿ ಕಚ್ಚಿದ್ದಿರಬೇಕು ಎಂದುಕೊಂಡಿದ್ದಳು.

ಅವನು ಎಡಗೈಯಲ್ಲಿ ಸೀಸದಕಡ್ಡಿ ಹಿಡಿದು ದಾರಿ ಬರೆದಿದ್ದ. ಹುಣಸೆಮರ, ಹುತ್ತ, ಬಾವಿ. ಮರ ಎಲ್ಲಿದೆ ಎಂದು ತಿದ್ದಿದವಳು ನ್ಯಾಬೋಲ್. ಆ ಹಾಳೆ ಬಾಂಬು ತೆಗೆಯುವವರ ಕೈಗೆ ಹೋಗಿ, ಅವ್ವನನ್ನು ಕೊಂದದ್ದು ಬಿಟ್ಟು ಉಳಿದ ಹತ್ತರಲ್ಲಿ ಎಂಟು ಸಿಕ್ಕಿದವು. ಉಳಿದ ಎರಡು ಸಿಗಲಿಲ್ಲ. ನೆರೆ ಬಂದಾಗ ಮಣ್ಣಿನ ಜೊತೆ ಎತ್ತಲೋ ಸರಿದಿರಬೇಕು.

"ಅವನ ಹಿಂದೆ ಬಂದೂಕು ಹಿಡಿದು ಒಬ್ಬ ನಿಂತಿರುತ್ತಿದ್ದನಂತೆ," ಎಂದಳು ಹುಡುಗಿ. "ಆದರೂ ಒಮ್ಮೊಮ್ಮೆ ನನಗೆ ಸಿಟ್ಟು ಬರುತ್ತದೆ. ಆವತ್ತು ಅವನ ಜೊತೆ ಮಾತಾಡುವುದಿಲ್ಲ. ಅವನು ಬಾಗಿಲಲ್ಲೇ ಕೂತಿರುತ್ತಾನೆ."

ಮಾರನೆಯ ದಿನ ಮಹೇಶ್ವರಿ ಮಜೋಕನನ್ನು ಕರೆದು ಕೈಯ ಅಳತೆ ತೆಗೆದುಕೊಂಡಳು. ಎರಡು ಸಲ ತಪ್ಪಿ, ಮೂರನೆಯ ಸಲ ಬರೆದುಕೊಂಡಳು. ಅವನು ಮುಖ ಎತ್ತಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ನ್ಯಾಬೋಲ್ ಹೊಸ ಕಾಲಿನ ಮೇಲೆ ಅಂಗಳ ದಾಟಿದಳು, ಹಿಂದಿನಿಂದ ಅವನು ನಡೆದ.

ಊರಿಗೆ ಮರಳಿದ ಮೇಲೆ ಸಂಸ್ಥೆಗೆ ನೆರವು ಕೊಟ್ಟವರು ಶಿರಸಿಯಲ್ಲಿ ಸಭೆ ಸೇರಿಸಿ ಮಹೇಶ್ವರಿಯನ್ನು ಮಾತಾಡಲು ಕರೆದರು. ಅವಳು ಇದನ್ನೇ ಹೇಳಿದಳು. ನೆರವು ಕೊಟ್ಟವರಲ್ಲಿ ಒಬ್ಬರಾದ, ಮುಂದಿನ ಸಾಲಿನಲ್ಲಿದ್ದ ದೇವಕಮ್ಮ ಎದ್ದು ಕೇಳಿದರು.

"ಹಂಗಾದ್ರೆ ನಾವು ಕೊಟ್ಟದ್ದು ಆ ಹುಡ್ಗಂಗೂ ಹೋಗ್ತಾ?"

"ಹೌದು ದೇವಕಮ್ಮ. ಅವನ ಕೈನೂ ನಾನೇ ಮಾಡಿದ್ದು."

ದೇವಕಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡು ಮೆಲ್ಲಗೆ ಕೂತರು.

ಹಿಂದಿನ ಸಾಲಿನಲ್ಲಿ ಬೀರನಿದ್ದ, ಮಗಳು ಮಾಡಿಕೊಟ್ಟ ಕಾಲು ಹಾಕಿಕೊಂಡು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವನು ಒಂದೇ ಮಾತು ಕೇಳಿದ.

"ಆ ಎರಡು ಸಿಕ್ದ್ವನೇ ಮಗಾ?"

"ಇಲ್ಲ ಅಪ್ಪ. ಅಚೋಲ್‌ಗೆ ಫೋನ್ ಮಾಡಿದಾಗೆಲ್ಲ ಅದ್ನೇ ಕೇಳ್ತೆ. ಆ ಊರವ್ರು ಈಗ ಸುತ್ತಿನ ದಾರಿ ಹಿಡ್ದು ನೀರಿಗೆ ಹೋಗ್ತರಂತೆ."