ತಿದ್ದದೆ ಸೂರತ್‌ವರೆಗೆ

ಶುಕ್ರವಾರ ಬೆಳಿಗ್ಗೆ ಅಹಮದಾಬಾದಿನಲ್ಲಿ ಇಳಿದಾಗ ನನ್ನ ಬಳಿ ಒಂದು ಸ್ವೆಟರು, ಎರಡು ಪಂಚೆ ಮತ್ತು ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಅಹಂಕಾರ ಇದ್ದವು. ಮೂರನೆಯದನ್ನು ಹೊರಲು ಕೂಲಿಯವರು ಬೇಕಾಗಲಿಲ್ಲ.

ಕರೆಸಿಕೊಂಡವಳು ತಂಗಿಯ ಮಗಳು ವಸುಧಾ. ಗಂಡನಿಗೆ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ, ಮನೆ ವಸ್ತ್ರಾಪುರದ ಕೆರೆಯ ಹತ್ತಿರ. ಭಾನುವಾರಗಳಂದು ಅವಳು ಆರು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ಎಲ್ಲರೂ ವರ್ಗವಾಗಿ ಬಂದವರ ಮಕ್ಕಳು. ಹುಟ್ಟಿದ್ದು, ಬೆಳೆದದ್ದು, ಜಗಳ ಕಲಿತದ್ದು ಎಲ್ಲ ಗುಜರಾತಿನಲ್ಲೇ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತದೆ. ಅವರ ಪಾಲಿಗೆ ಕನ್ನಡವೂ ಒಂದು ವಿದೇಶಿ ಭಾಷೆಯೇ. ವೀಸಾ ಕೇಳುವುದಿಲ್ಲ, ಅಷ್ಟೆ.

ಈ ತರಗತಿಗೆ ಈಗ ಕುತ್ತು ಬಂದಿತ್ತು. ಬ್ಯಾಂಕ್ ಅಧಿಕಾರಿ ಶ್ರೀಧರ್, "ವರ್ಷವಾಯ್ತು, ನಮ್ಮ ಇಶಾ ಮನೇಲಿ ಕನ್ನಡದಲ್ಲಿ ಒಂದು ಮಾತೂ ಆಡಲ್ಲ. ಆ ಹೊತ್ತಿಗೆ ಗಣಿತದ ಟ್ಯೂಷನ್ ಇಡಿಸೋಣ" ಎಂದಿದ್ದರು. ಉಳಿದ ಪೋಷಕರೂ ತಲೆಯಾಡಿಸಿದ್ದರು. ಭಾನುವಾರ ಸೂರತ್ತಿನಲ್ಲಿ ಕನ್ನಡ ಕುಟುಂಬಗಳ ಕೂಟವಿತ್ತು. ಅಲ್ಲಿ ಮಕ್ಕಳು ಬಾಯಿ ಬಿಟ್ಟರೆ ಕನ್ನಡ, ಬಿಡದಿದ್ದರೆ ಗಣಿತ.

ಸಂಜೆಯೇ ವಿಶೇಷ ತರಗತಿ ಸೇರಿತು. ಒಂಬತ್ತು ವರ್ಷದ ಇಶಾ ಎದ್ದು ನಿಂತು ತನ್ನ ಶಾಲೆಯ ವಿಚಾರ ಹೇಳತೊಡಗಿದಳು. ನಾನು ಮೊದಲ ವಾಕ್ಯದಲ್ಲಿ ಎರಡು ತಪ್ಪು ತಿದ್ದಿದೆ, ಎರಡನೆಯದರಲ್ಲಿ ಮೂರು. ಮೂರನೆಯ ವಾಕ್ಯ ಹುಟ್ಟಲೇ ಇಲ್ಲ. ತರಗತಿ ಇಷ್ಟು ಶಿಸ್ತಿನಿಂದ ಕೂತದ್ದು ನೋಡಿ ನನಗೆ ಸಂತೋಷವೇ ಆಯಿತು.

ಮಕ್ಕಳು ಹೋದ ಮೇಲೆ ವಸುಧಾ ಚಹಾ ತಂದು ಮುಂದಿಟ್ಟಳು. "ವರ್ಷ ಹಿಡಿದು ಬಿಡಿಸಿದ ಬಾಯಿ ಮಾವ. ಮೂರೇ ನಿಮಿಷಕ್ಕೆ ಹೊಲಿದುಬಿಟ್ರಿ."

"ತಪ್ಪು ಹೇಳಿದ್ರೆ ಕೇಳ್ಕೊಂಡು ಕೂರ್ಬೇಕೇನೆ?"

"ಹೂಂ. ಸೂರತ್ ತನಕ ಕೂತ್ಕೊಳ್ಳಿ. ಆಮೇಲೆ ಬೇಕಾದ್ರೆ ನನ್ನನ್ನ ತಿದ್ದಿ."

ದಾರಿಯಲ್ಲಿ ಒಂದು ದಿನ ಅಭ್ಯಾಸಕ್ಕೆಂದು ಶನಿವಾರ ಬೆಳಗಿನ ರೈಲಿನಲ್ಲಿ ವಡೋದರಾಗೆ ಹೊರಟೆವು. ಆರು ಮಕ್ಕಳು, ವಸುಧಾ ಮತ್ತು ಬಾಯಿಗೆ ಬೀಗ ಹಾಕಿಕೊಂಡ ನಾನು. ಪೋಷಕರು ಮರುದಿನ ನೇರ ಸೂರತ್ತಿಗೆ ಬರುವವರಿದ್ದರು. ನೂರು ಕಿಲೋಮೀಟರ್ ದಾರಿ, ಎರಡು ಗಂಟೆಯ ಪ್ರಯಾಣ, ಕಿಟಕಿಯಲ್ಲಿ ತಂಪು ಗಾಳಿ. ಬುತ್ತಿಯಲ್ಲಿ ಥೇಪ್ಲಾ ಇತ್ತು: ಮೆಂತ್ಯದ ಸೊಪ್ಪು ಹಾಕಿದ ಚಪಾತಿಯಂಥದು, ಎಷ್ಟು ದಿನವಾದರೂ ಕೆಡದು. ವಡೋದರಾ ಹತ್ತಿರದ ಕೊಯಾಲಿಯ ತೈಲ ಶುದ್ಧೀಕರಣ ಕಾರ್ಖಾನೆಯ ಚಿಮಣಿಗಳು ಕಾಣುವ ಹೊತ್ತಿಗೆ ಮಕ್ಕಳು ಹನ್ನೊಂದು ತಪ್ಪು ಮಾಡಿದ್ದರು. ನಾನು ಹನ್ನೊಂದು ಸಲ ಥೇಪ್ಲಾ ಕಚ್ಚಿದ್ದೆ.

ವಡೋದರಾದ ಅಲ್ಕಾಪುರಿಯಲ್ಲಿ ಪರಿಚಯದವರ ಮನೆಯಲ್ಲಿ ಇಳಿದುಕೊಂಡೆವು. ಊಟದ ಬೇಳೆಸಾರಿನಲ್ಲಿ ಬೆಲ್ಲವಿತ್ತು, ಅದನ್ನೂ ತಿದ್ದಲಿಲ್ಲ. ಮಧ್ಯಾಹ್ನ ವಸುಧಾ ತನ್ನ ಆಟ ತೋರಿಸಿದಳು. ಒಂದು ಚಿತ್ರ ಇಶಾಳ ಕೈಯಲ್ಲಿ. ಅದನ್ನು ನೋಡದೆ, ಅವಳು ಹೇಳಿದಂತೆ ನಾನು ಬರೆಯಬೇಕು. ಎಲ್ಲ ಕನ್ನಡದಲ್ಲೇ ಆಗಬೇಕು. ಅವಳು ಹೇಳಿದ್ದನ್ನಷ್ಟೇ ಬರೆಯಬೇಕು, ನಾನು ಮಾತಾಡುವ ಹಾಗಿಲ್ಲ.

ಇಶಾ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ, "ಒಂಟೆ" ಎಂದಳು. ಬರೆದೆ. "ಒಂಟೆ ಮೇಲೆ ಗಾಡಿ." ನಾಲಗೆ ತುರಿಸಿತು. ಆದರೂ ವಿಧೇಯನಾಗಿ ಒಂಟೆಯ ಡುಬ್ಬದ ಮೇಲೆ ಇಡೀ ಗಾಡಿಯನ್ನು, ಚಕ್ರ ಸಮೇತ, ಏರಿಸಿದೆ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಇಶಾ ಹಣೆ ಚಚ್ಚಿಕೊಂಡಳು. "ಅಯ್ಯೋ ತಾತ, ಮೇಲೆ ಅಲ್ಲ. ಹಿಂದೆ. ಒಂಟೆ ಹಿಂದೆ ಗಾಡಿ. ಅಳಿಸಿ."

ನಾನು ಮೂವತ್ತಾರು ವರ್ಷ ಕೆಂಪು ಶಾಯಿಯಲ್ಲಿ ಮಾಡಿದ ಕೆಲಸವನ್ನು ಆ ಕೆಟ್ಟ ಒಂಟೆ ಕ್ಷಣದಲ್ಲಿ ಮಾಡಿ ಮುಗಿಸಿತು. ಸಂಜೆಯತನಕ ಮಕ್ಕಳು ನನ್ನಿಂದ ಇಪ್ಪತ್ತು ಚಿತ್ರ ಬರೆಸಿದರು. ಬೈಯುವುದನ್ನೂ ಕನ್ನಡದಲ್ಲೇ ಬೈದರು.

ಭಾನುವಾರ ರೈಲಿನಲ್ಲಿ ಮತ್ತೆ ಎರಡು ಗಂಟೆಯ ಪ್ರಯಾಣ. ಸೂರತ್ತಿನಲ್ಲಿ ಸೆಕೆಯಿತ್ತು. ತಿಂಡಿಗೆ ಲೋಚೊ, ಹಬೆಯಲ್ಲಿ ಬೆಂದ ಕಡಲೆಹಿಟ್ಟಿನ ಮುದ್ದೆ, ಮೇಲೆ ಎಣ್ಣೆ ಮತ್ತು ಸೇವು. ಎರಡು ತಟ್ಟೆ ತಿಂದೆ. ವಸುಧಾ ಒಂದು ತುತ್ತೂ ಮುಟ್ಟಲಿಲ್ಲ.

ಕೂಟದ ಸಭಾಂಗಣದಲ್ಲಿ, ವೇದಿಕೆಯ ಕಪ್ಪು ಹಲಗೆಯ ಮೇಲೆ ಚಿತ್ರ ಬರೆಯಲು ವಸುಧಾ ಕರೆದದ್ದು ಶ್ರೀಧರರನ್ನೇ. ಚಿತ್ರ ಇಶಾಳ ಕೈಗೆ ಹೋಯಿತು.

"ಕಂಬ ಬರೀರಿ ಅಪ್ಪ. ಗಾಳಿಪಟ ಕಂಬ ಒಳಗೆ."

ಶ್ರೀಧರ್ ಸೀಮೆಸುಣ್ಣ ಹಿಡಿದೇ ತಿರುಗಿದರು. "ಕಂಬದ ಮೇಲೆ ಅನ್ನಬೇಕು, ಪುಟ್ಟಿ."

ಇಶಾಳ ತುಟಿ ಮುಚ್ಚಿತು. ವಸುಧಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸಭೆ ಕಾಯಿತು. ನಾನು ಅಹಮದಾಬಾದಿನಲ್ಲಿ ಏನು ಮಾಡಿದ್ದೆನೆಂಬುದು ಮೊದಲ ಸಲ ನನ್ನ ಕಣ್ಣಿಗೆ ಕಂಡಿತು. ಅದು ನೋಡಲು ಚೆನ್ನಾಗಿರಲಿಲ್ಲ.

ಇಶಾ ಚಿತ್ರವನ್ನು ಎದೆಗೊತ್ತಿಕೊಂಡು ಅಪ್ಪನನ್ನು ದಿಟ್ಟಿಸಿದಳು. "ಅಪ್ಪ, ನೀವು ಈಗ ಕೈ. ಕೈ ಮಾತಾಡಲ್ಲ."

ಸಭೆ ಗೊಳ್ಳೆಂದಿತು. ಶ್ರೀಧರ್ ಕೆಂಪಗಾಗಿ ಹಲಗೆಯತ್ತ ತಿರುಗಿ, ಕಂಬದ ಹೊಟ್ಟೆಯೊಳಗೆ ಗಾಳಿಪಟ ಬರೆದರು. "ಒಳಗೆ ಅಲ್ಲ, ಮೇಲೆ" ಎಂದಳು ಮಗಳು. ಆಮೇಲೆ ಏಣಿ ಬಂತು, ಏಣಿಯಲ್ಲಿ ಮನುಷ್ಯ, ಕೆಳಗೆ ಬೊಗಳುವ ನಾಯಿ. ಕಾಲು ಗಂಟೆ ಅವಳು ಅಪ್ಪನನ್ನು ಕನ್ನಡದಲ್ಲಿ ದುಡಿಸಿಕೊಂಡಳು. ಇಳಿದು ಬಂದ ಶ್ರೀಧರ್ ಕೈಯ ಸುಣ್ಣ ಒರೆಸಿಕೊಳ್ಳುತ್ತ, "ಗಣಿತದವರಿಗೆ ಶನಿವಾರ ಬರೋಕೆ ಹೇಳ್ತೀನಮ್ಮ" ಎಂದರು. ವಸುಧಾ ಆಗ ಲೋಚೊ ಎಲ್ಲಿದೆ ಎಂದು ಕೇಳಿದಳು.

ನನ್ನ ರೈಲು ಸಂಜೆಗಿತ್ತು. ಬೀಳ್ಕೊಡಲು ವಸುಧಾ, ಶ್ರೀಧರ್, ಇಶಾ ಮೂವರೂ ಬಂದಿದ್ದರು. ಇಶಾ ಕಿಟಕಿಯ ಸರಳು ಹಿಡಿದು, "ತಾತ, ಬರೋ ಸಲ ನೀವು ಹೇಳಿ, ನಾನು..." ಎಂದು ತಡವರಿಸಿದಳು. ಬೇಕಾದ ಮಾತು ಸಿಗಲಿಲ್ಲ. ಹಿಂದೆ ನಿಂತ ಶ್ರೀಧರರ ಬಾಯಿ ತೆರೆಯಿತು. ಮಗಳ ಬೆನ್ನು ನೋಡಿ ಅವರು ಅಂಗೈಯಿಂದ ಅದನ್ನು ಮುಚ್ಚಿಕೊಂಡರು. ಗಾಡಿ ಕದಲಿತು. ಇಶಾ ಜೊತೆಗೇ ನಾಲ್ಕು ಹೆಜ್ಜೆ ಹಾಕಿ, "ಬರೀತೀನಿ" ಎಂದು ಕೂಗಿದಳು.