ಶೆಟ್ಟಿಹಳ್ಳಿಯ ಯೂದನನ್ನು ಹುಡುಕುತ್ತ

ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಬಸ್ಸು ಬೆಳಿಗ್ಗೆ ಆರೂವರೆಗೆ ಹೊರಟಿತು. ಏಪ್ರಿಲ್ ಕೊನೆಯ ವಾರ. ಆ ಹೊತ್ತಿಗೇ ಸೆಕೆ ಶುರುವಾಗಿತ್ತು. ತೊಡೆಯ ಮೇಲೆ ಒಂದು ಚೀಲ, ಅದರ ತುಂಬ ನಮ್ಮ ಅಂಗಡಿಯ ಕೊಬ್ಬರಿ. ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವನು ನಾನು. ಯಾರ ಮನೆಗೆ ಹೋದರೂ ಒಯ್ಯುವುದು ಅದನ್ನೇ.

ಹೊರಟಿದ್ದದ್ದು ಐವತ್ತು ವರ್ಷದಿಂದ ನೋಡದ ಗೆಳೆಯನ ಮನೆಗೆ. ಹಿಂದಿನ ವಾರ ಮಲ್ಲಿಪಟ್ಟಣದ ಕಡೆಯ ಶುಂಠಿ ವ್ಯಾಪಾರಿಯೊಬ್ಬ ಅಂಗಡಿಯಲ್ಲಿ ಕೂತು ಊರಿನ ಸುದ್ದಿ ಹೇಳುತ್ತಿದ್ದ. "ನಮ್ ಕಡೆ ಯೂದಪ್ಪ ಅಂತ ಒಬ್ರವ್ರೆ ಸಾ. ಯೇಸುಸ್ವಾಮಿ ಕೈಲೇ ಏಟು ತಿಂದೋರು!" ಎಂದು ನಕ್ಕ. ನನಗೆ ನಗು ಬರಲಿಲ್ಲ. ಆ ಏಟು ಕೊಟ್ಟವನು ನಾನೇ.

ಸ್ವಲ್ಪ ಹಿಂದಿನಿಂದ ಹೇಳಬೇಕು. ನನ್ನ ಸೋದರಮಾವ ಶೆಟ್ಟಿಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ನಾನು ಅವರ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ. ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆಗಳೇ ಹೆಚ್ಚು. ನಮ್ಮದು ಲಿಂಗ ಕಟ್ಟಿದ ಮನೆ. ಗೊರೂರಿನ ಅಣೆಕಟ್ಟೆಯ ನೀರು ಊರನ್ನು ಮುಳುಗಿಸುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಚರ್ಚಿನ ಮುಂದೆ ಯೇಸುವಿನ ಕಡೆಯ ದಿನಗಳ ನಾಟಕ ಆಡುವುದೆಂದಾಯಿತು. ಎಡೆಯೂರಿನ ಹರಕೆಗೆಂದು ನನಗೆ ಕೂದಲು ಬಿಟ್ಟಿದ್ದರು, ಹೆಗಲಿನ ತನಕ ಬರುತ್ತಿತ್ತು. ಪಾದ್ರಿಗಳು ನೋಡಿ, "ಇವನಿಗೆ ಸುಳ್ಳುಕೂದಲ ಟೋಪನ್ನೇ ಬೇಡ" ಅಂದರು. ಹೀಗೆ ಹದಿಮೂರನೇ ವಯಸ್ಸಿನಲ್ಲಿ ನಾನು ಯೇಸುವಾದೆ. ಮಾವನಿಗೆ ಅಳುಕಿತ್ತು. ಅಜ್ಜಿ ಮಾತ್ರ, "ಅವ್ರೂ ಒಬ್ಬ ಶರಣ್ರೇ ಕಣಪ್ಪ. ಭಕ್ತಿಯಿಂದ ಮಾಡ್ಲಿ ಬುಡು" ಅಂದರು.

ಯೂದನ ಪಾತ್ರ ಯಾರಿಗೂ ಬೇಡವಾಗಿತ್ತು. ಬೆಳ್ಳಿ ನಾಣ್ಯದ ಆಸೆಗೆ ಗುರುವನ್ನು ಹಿಡಿದುಕೊಟ್ಟ ಶಿಷ್ಯ ಅವನು. ಕೊನೆಗೆ ನನ್ನ ಬೆಂಚಿನ ಗೆಳೆಯ ಇನ್ನಾಸಪ್ಪ, ನನ್ನ ಜೊತೆ ಇರಬಹುದೆಂದು ಒಪ್ಪಿಕೊಂಡ. ಯೂದ ಬಂದು ಯೇಸುವಿನ ಕೆನ್ನೆಗೆ ಮುತ್ತಿಡಬೇಕು. ಹಿಡಿಯಲು ಬಂದವರಿಗೆ ಅದೇ ಗುರುತು. ಆಗ ಯೇಸು ಅವನನ್ನು ತಬ್ಬಿಕೊಂಡು ಗೆಳೆಯಾ ಎಂದು ಕರೆಯಬೇಕು. ಎಲ್ಲ ಗೊತ್ತಿದ್ದೂ ಹಾಗೆ ಕರೆದದ್ದೇ ಈ ಕಥೆಯ ಜೀವ ಎಂದು ಪಾದ್ರಿಗಳು ಮತ್ತೆ ಮತ್ತೆ ಹೇಳಿಕೊಟ್ಟಿದ್ದರು.

ಶುಭ ಶುಕ್ರವಾರದ ಮಧ್ಯಾಹ್ನ ನಾಟಕವಾಯಿತು. ಇನ್ನಾಸಪ್ಪ ಮುತ್ತಿಡಲು ಬಂದ. ನೋಡಲು ಕೂತಿದ್ದ ಹೆಂಗಸರು ನಿಜವಾಗಿಯೇ ಅಳುತ್ತಿದ್ದರು. ಯಾರೋ, "ಬುಡ್ಬೇಡ ಸ್ವಾಮಿ, ಬಾರ್ಸು!" ಎಂದು ಕೂಗಿದರು. ನನಗೇನಾಯಿತೋ, ತಬ್ಬಿಕೊಳ್ಳಲು ಎತ್ತಿದ್ದ ಕೈಯನ್ನು ಬೀಸಿಯೇಬಿಟ್ಟೆ. ಫಟೀರೆಂದಿತು. ಜನ ಚಪ್ಪಾಳೆ ತಟ್ಟಿದರು. ಇನ್ನಾಸಪ್ಪ ಕೆನ್ನೆ ಹಿಡಿದುಕೊಂಡು ನನ್ನನ್ನೇ ನೋಡಿದ. ಗೆಳೆಯಾ ಎಂದು ನಾನು ಕರೆಯಲೇ ಇಲ್ಲ. ಆಮೇಲೆ ನಾವು ಸರಿಯಾಗಿ ಮಾತಾಡಲೇ ಇಲ್ಲ. ನೀರು ಬಂತು, ಊರು ಚೆದುರಿತು.

ಹೊಳೆನರಸೀಪುರದಲ್ಲಿ ಇಳಿದು ಬಸ್‌ಸ್ಟ್ಯಾಂಡಿನ ಎದುರು ಇಡ್ಲಿ ತಿಂದೆ. ಶೆಟ್ಟಿಹಳ್ಳಿ ಬಿಟ್ಟಮೇಲೆ ಮಾವ ಅಂಗಡಿ ತೆರೆದದ್ದು ಇದೇ ಊರಿನ ಪೇಟೆಯಲ್ಲಿ. ಆ ಮಳಿಗೆಯಲ್ಲೀಗ ಮೊಬೈಲ್ ಮಾರುತ್ತಾರೆ. ಒಂಬತ್ತು ಗಂಟೆಗೆ ಅರಕಲಗೂಡಿನ ಬಸ್ಸು ಸಿಕ್ಕಿತು. ಪಕ್ಕದಲ್ಲಿ ಕೂತಿದ್ದ ಹಳೇಕೋಟೆಯ ರೈತರೊಬ್ಬರು ಮೆಕ್ಕೆಜೋಳದ ಬಿತ್ತನೆಗೆ ಒಂದು ಹದ ಮಳೆ ಸಾಲದೆಂದು ದಾರಿಯುದ್ದಕ್ಕೂ ಹೇಳಿದರು. ನಾನು ಹೂಂಗುಟ್ಟುತ್ತಿದ್ದೆ. ಮನಸ್ಸೆಲ್ಲ ಇನ್ನಾಸಪ್ಪನಿಗೆ ಏನು ಹೇಳಬೇಕೆಂಬುದರ ಮೇಲಿತ್ತು.

ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಮಲ್ಲಿಪಟ್ಟಣಕ್ಕೆ ಬಂದಾಗ ಹನ್ನೊಂದೂವರೆ. ಇನ್ನಾಸಪ್ಪನ ಮನೆ ಎಲ್ಲಿ ಎಂದರೆ ಯಾರಿಗೂ ತಿಳಿಯಲಿಲ್ಲ. ನಾಚಿಕೆಯಿಂದ ಯೂದಪ್ಪ ಎಂದೆ. ಟೀ ಅಂಗಡಿಯಾತ ತಕ್ಷಣ ಕೈತೋರಿಸಿದ.

ಹೊಲದ ಅಂಚಿನಲ್ಲಿ ಹೆಂಚಿನ ಮನೆ. ಬಾಗಿಲಿಗೆ ಬಂದಾಕೆ ಅವನ ಹೆಂಡತಿ ರೀತಮ್ಮ. "ಇನ್ನಾಸಪ್ಪ ಇದಾರಾ?" ಎಂದೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದರು. "ಆ ಎಸ್ರು ಇಡ್ದು ಕೇಳ್ಕಂಡ್ ಬಂದೋರ್ನ ಇವತ್ತೇ ಕಣಣ್ಣ ನೋಡ್ತಿರಾದು" ಎಂದು ಒಳಗೆ ಕರೆದರು.

ಇನ್ನಾಸಪ್ಪ ಹಿತ್ತಲಿಂದ ಕೈ ಒರೆಸಿಕೊಳ್ಳುತ್ತ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕಣ್ಣಿಗೆ ದಪ್ಪ ಕನ್ನಡಕ. ಹತ್ತಿರ ಬಂದು ದಿಟ್ಟಿಸಿ, ಜೋರಾಗಿ ನಕ್ಕ.

"ಮಲ್ಲ ಅಲ್ವೇನ್ಲಾ ನೀನು? ಕೂದ್ಲೆಲ್ಲ ಎಲ್ಲೋಯ್ತ್ಲಾ?"

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಆ ನಗುವಿಗೆ ಚದುರಿಹೋಯಿತು. ನಾನು ಲಿಂಗಾಯತನೆಂಬುದು ಅವನಿಗೆ ನೆನಪಿತ್ತು. ರೀತಮ್ಮ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿ ಬಡಿಸಿದರು. ಉಂಡು ಜಗಲಿಯಲ್ಲಿ ಕೂತಾಗ ಧೈರ್ಯ ಮಾಡಿ, "ಇನ್ನಾಸ, ಅವತ್ತು ನಾನು ಹೊಡೀಬಾರದಿತ್ತು. ನಿನ್ನ ಹೆಸರೇ ಕೆಡಿಸಿಬಿಟ್ಟೆ. ತಪ್ಪಾಯ್ತು" ಅಂದೆ.

ಅವನು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ.

"ನಿನ್ ಏಟು ಸಂಜೆಗೇ ಮರ್ತೋಯ್ತು ಕಣ್ಲಾ. ಆದ್ರೆ ಚಪ್ಪಾಳೆ ತಟ್ದೋರ ಮಧ್ಯ ನಮ್ಮವ್ವನೂ ಇದ್ಲು. ಅದು ನೋವಾಯ್ತು. ಮನೇಗ್ ಬಂದ್ಮೇಲೆ ಕೆನ್ನೆಗೆ ಅಳ್ಳೆಣ್ಣೆ ಹಚ್ತಾ ಅವ್ಳೇ ಅತ್ಲು. 'ಯೇಸುಸ್ವಾಮಿ ಯಾರ್ಗೂ ಒಡ್ಯೋರಲ್ಲ ಮಗ. ನಾನದ್ನ ಮರ್ತ್ಬುಟ್ಟೆ' ಅಂದ್ಲು."

ಅವನು ಎದ್ದು ಅಂಗಿ ಹಾಕಿಕೊಂಡ. "ನಡಿ, ಶೆಟ್ಟಳ್ಳಿಗೆ ಓಗ್ಬರಾನ. ನೀರು ಇಳಿದದೆ. ಊರು ಬುಟ್ಟ ಮ್ಯಾಲೆ ನಾನೂ ಆ ಕಡೆ ಓಗಿಲ್ಲ."

ಅರಕಲಗೂಡಿಗೆ ವಾಪಸು ಬಂದು ಗೊರೂರಿನ ಮೇಲೆ ಹಾಸನಕ್ಕೆ ಹೋಗುವ ಬಸ್ಸು ಹಿಡಿದೆವು. ನಡುವೆ ಇಳಿದು ಆಟೋದಲ್ಲಿ ಶೆಟ್ಟಿಹಳ್ಳಿಗೆ ಹೋದೆವು. ಆಟೋದವನು ಕಾಯುತ್ತೇನೆಂದ.

ಚಾವಣಿಯಿಲ್ಲದ ಚರ್ಚು ಒಣಗಿದ ಕೆಸರಿನ ಬಯಲಲ್ಲಿ ನಿಂತಿತ್ತು. ಇಟ್ಟಿಗೆಯ ಕಮಾನುಗಳ ಮೇಲೆ ನೀರು ಎಲ್ಲಿಯವರೆಗೆ ಬಂದಿತ್ತೆಂಬ ಗೆರೆ. ಸುತ್ತ ಎಮ್ಮೆಗಳು ಮೇಯುತ್ತಿದ್ದವು. ಮದುವೆಯಾಗಲಿರುವ ಜೋಡಿಯೊಂದು ಫೋಟೋ ತೆಗೆಸಿಕೊಳ್ಳುತ್ತಿತ್ತು. ಇನ್ನಾಸಪ್ಪ ಚರ್ಚಿನ ಬಾಗಿಲಿನಿಂದ ಹೆಜ್ಜೆ ಹಾಕುತ್ತ ಹೋಗಿ ಒಂದು ಕಡೆ ನಿಂತ. "ಇಲ್ಲೇ ನಿಮ್ಮಾವನ ಅಂಗ್ಡಿ. ಬೆಲ್ಲದ ಚೂರು ಕೊಡೋರು." ಕಾಲಡಿ ಬಿರುಕುಬಿಟ್ಟ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಆದರೂ ಸೀಮೆಎಣ್ಣೆ, ಬೆಲ್ಲ, ಹೊಸ ಗೋಣಿಚೀಲ ಬೆರೆತ ಆ ಅಂಗಡಿಯ ವಾಸನೆ ನನ್ನ ಮೂಗಿಗೆ ಬಂದಂತಾಯಿತು.

ಒಳಗೆ ಪೀಠವಿದ್ದ ಜಾಗದಲ್ಲಿ ಅವನು ಮೊಣಕಾಲೂರಿದ. ನಾನು ಚಪ್ಪಲಿ ಬಿಟ್ಟು ಕೈಮುಗಿದು ನಿಂತೆ. ಅವನು ಏಳುತ್ತಿದ್ದಂತೆ, ಕ್ಯಾಮೆರಾ ಹಿಡಿದು ಸುತ್ತುತ್ತಿದ್ದ ಕಾಲೇಜಿನ ಹುಡುಗಿಯೊಬ್ಬಳು ಹತ್ತಿರ ಬಂದು, "ತಪ್ಪು ತಿಳ್ಕೋಬೇಡಿ ಅಂಕಲ್, ಯೇಸು ನಿಜವಾಗ್ಲೂ ಇದ್ರಾ, ಅಥವಾ ಬರೀ ಕಥೇನಾ?" ಎಂದಳು. ರೋಮನ್ನರ ಆಳ್ವಿಕೆಯಲ್ಲಿ ಅಂಥವನೊಬ್ಬ ಇದ್ದ, ಶಿಲುಬೆಗೇರಿಸಿ ಕೊಂದರು, ಇಷ್ಟನ್ನು ಇತಿಹಾಸದವರೂ ಒಪ್ಪುತ್ತಾರೆ ಎಂದು ಓದಿದ್ದನ್ನು ನಾನು ಹೇಳಿದೆ.

ಇನ್ನಾಸಪ್ಪ ತಲೆಯಾಡಿಸಿದ. "ಅದೆಲ್ಲ ಓದಿದೋರು ಏಳ್ತಾರವ್ವ. ಸುಳ್ಳು ಕಥೆ ಕಟ್ಟೋನು ದೇವ್ರನ್ನ ಗೆಲ್ಸ್ತಿದ್ದ. ಇವ್ರು ಏಟು ತಿಂದ್ರು, ತಿರುಗ್ಸಿ ಕೊಡ್ಲಿಲ್ಲ. ಇಂಥಾದ್ನ ಯಾರ್ ಕಟ್ತಾರೆ?"

ಹುಡುಗಿ ನಕ್ಕು, ಅವನ ಒಂದು ಫೋಟೋ ತೆಗೆದುಕೊಂಡು ಹೋದಳು.

ಆಟೋದ ಕಡೆ ನಡೆಯುವಾಗ ಅವನು ಇನ್ನೊಂದು ಸಂಗತಿ ಹೇಳಿದ. ಅವರ ಕಡೆ ಈಗಲೂ ವರ್ಷ ವರ್ಷ ನಾಟಕ ಆಡುತ್ತಾರಂತೆ. ಯೂದನ ಪಾತ್ರ ಪ್ರತಿ ವರ್ಷವೂ ಅವನದೇ, ಕೇಳಿ ಹಾಕಿಸಿಕೊಳ್ಳುತ್ತಾನಂತೆ.

"ಯಾಕೋ?" ಎಂದೆ.

"ಯೇಸು ಆಗೋನು ನನ್ ತಬ್ಕಂಡು ಗೆಳೆಯಾ ಅಂತಾನಲ್ಲ. ಅದ್ನ ಕೇಳಕ್ಕೆ. ವರ್ಷಕ್ಕೊಂದ್ಸಲ ಸಾಕು ಕಣ್ಲಾ."

ನಾನು ನಿಂತುಬಿಟ್ಟೆ. ಅವನ ತೋಳು ಹಿಡಿದೆ, ಅಷ್ಟೇ. ಆಟೋದ ತನಕ ಹಾಗೇ ನಡೆದೆವು.

ಹಾಸನದ ಬಸ್‌ಸ್ಟ್ಯಾಂಡಿಗೆ ಬಂದಾಗ ಐದೂವರೆ. ಬೇಡವೆಂದರೂ ಕೇಳದೆ ಅವನು ಕಾಫಿ ಕುಡಿಸಿದ, ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಹಿಡಿದುಕೊಟ್ಟ. "ಮುಂದಿನ್ ವರ್ಷ ಶುಭ ಶುಕ್ರವಾರಕ್ಕೆ ಬಾ. ಸುಮ್ನೆ ಕೂತ್ಕಂಡು ನೋಡು" ಎಂದು ಇಳಿದ. ಬಸ್ಸು ಹಿಂದಕ್ಕೆ ಸರಿದು ತಿರುಗಿತು. ನಾನು ಕಿಟಕಿಯಿಂದ ಕೈ ಹೊರಹಾಕಿ ಬೀಸಿದೆ. ಆ ದಪ್ಪ ಕನ್ನಡಕಕ್ಕೆ ನಾನು ಕಾಣಲಿಲ್ಲ. ಅವನು ಪಕ್ಕದ ಬೇಲೂರಿನ ಬಸ್ಸಿನ ಕಡೆ ಮುಖಮಾಡಿ, ಎರಡೂ ಕೈ ಎತ್ತಿ ಬೀಸುತ್ತಿದ್ದ. ಆ ಬಸ್ಸಿನ ಕಿಟಕಿಯಲ್ಲಿ ಕೂತಿದ್ದ ಯಾರೋ ಅಜ್ಜಿ ಅವನಿಗೆ ತಿರುಗಿ ಕೈಬೀಸಿದರು.