ಬಳೆಗಾರ್ತಿಯ ಉಗುರು

ಗಂಗಾವತಿ ಸುತ್ತಿನ ಭತ್ತದೂರುಗಳಲ್ಲಿ ಬಳೆಗಾರ್ತಿ ಹಜರತಬೀ ಹಿಡಿಯದ ಹೆಂಗಸಿನ ಕೈ ಇರಲಿಲ್ಲ. ಗೌಡತಿಯ ಮೆತ್ತನೆ ಕೈ, ನಾಟಿ ಹಚ್ಚಿ ಒಡೆದ ಕೈ, ಗಂಡ ತಿರುವಿ ಬಾತ ಕೈ, ಎಲ್ಲವನ್ನೂ ಸೋಪಿನ ನೀರಲ್ಲಿ ನೆನೆಸಿ, ಎಲುಬು ಕೂಡಿಸಿ ಹಿಚುಕಿ, ಬಿಗಿಯಾದ ಗಾಜಿನ ಬಳೆ ಏರಿಸುವಳು. ಒಂದೂ ಒಡೆಯುತ್ತಿರಲಿಲ್ಲ. ಕುಬಸವೆಂಬ ಸೀಮಂತದ ದಿನ ಬಸುರಿಗೆ ಹಸಿರು ಬಳೆ ಇಡಿಸಲು ಅವಳೇ ಬರಬೇಕು. ಮಡಿಯ ಮನೆಯವರೂ ಆ ಹೊತ್ತಿಗೆ ಸಾಬರ ಹೆಂಗಸಿನ ಕೈಗೆ ಮಗಳ ಕೈ ಕೊಡುತ್ತಿದ್ದರು. ಬಳೆ ಇಡಿಸಿದ ಮೇಲೆ ನೀರು ಕೇಳಿದರೆ ಮಾತ್ರ ಲೋಟ ಕೊಡದೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು.

ಆ ಸೋಪಿನ ನೀರೇ ಅವಳ ಬೆರಳನ್ನು ತಿಂದಿತು. ಮೊದಲು ಹೆಬ್ಬೆರಳಿನ ಉಗುರಿನ ಬುಡ ಬಾತಿತು, ಆಮೇಲೆ ನಡುಬೆರಳು. ಉಗುರು ಹಳದಿಗೆ ತಿರುಗಿ ಗೀರುಗೀರಾಗಿ ಎದ್ದಿತು.

"ಮಾತ್ರೆಗಿಂತ ಮೊದಲು ಕೈ ಒಣಾ ಇಟ್ಟುಕೊ," ಎಂದರು ಡಾಕ್ಟರು.

"ಕೈ ಒಣಾ ಇಟ್ಟರ ಹೊಟ್ಟಿ ಒಣಗತೈತ್ರಿ," ಎಂದು ಎದ್ದು ಬಂದಳು.

ಔಷಧಿ ಅಂಗಡಿಯ ಹನಮೇಶ ಒಂದು ಟ್ಯೂಬು ಕೊಟ್ಟ. ಹಚ್ಚಿದರೆ ಬಾವು, ಕೆಂಪು ಇಳಿಯುತ್ತಿದ್ದವು. ಬಿಟ್ಟರೆ ದುಪ್ಪಟ್ಟು ಏರುತ್ತಿದ್ದವು. ಪ್ರತಿ ಸಲ ಬಳೆ ಇಡಿಸುವ ಮುನ್ನಾದಿನ ಹಚ್ಚತೊಡಗಿದಳು. ಬೆರಳು ವಾಸಿಯಾಗುವುದಕ್ಕಿಂತ ಚಂದ ಕಾಣುವುದು ಅವಳಿಗೆ ಮುಖ್ಯವಾಗಿತ್ತು.

ಮಗಳು ಮುಬಾಶಿರಾ ಕೊಪ್ಪಳದಲ್ಲಿ ಸೂಕ್ಷ್ಮಜೀವಿ ಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಟ್ಯೂಬು ನೋಡಿ ಕಿರುಚಿದಳು. "ಅಮ್ಮೀ, ಇದರಾಗ ಸ್ಟೀರಾಯ್ಡ್ ಐತಿ. ಬ್ಯಾನಿ ಮುಚ್ಚತೈತಿ, ಒಳಗ ಅದನ್ನ ಬೆಳಸತೈತಿ."

"ಮುಚ್ಚಿದ್ರ ಸಾಕವಾ. ನೀ ಕಲತು ವಾಸಿ ಮಾಡೂಮಟ ಕೈ ಚೀಲದಾಗ ಇಟಗೊಂಡು ಕುಂದರ್ಲೇನು?"

ಮುಬಾಶಿರಾ ಉಗುರಿನ ಬುಡ ಕೆರೆದು ಸೀಸೆಯಲ್ಲಿ ಹಾಕಿಕೊಂಡು ಹೋದಳು. ಅವಳ ಪ್ರಾಜೆಕ್ಟಿಗೆ ರೋಗ ತರುವ ಯೀಸ್ಟ್ ಎಂಬ ಶಿಲೀಂಧ್ರ ಬೇಕಿತ್ತು; ಅವ್ವನ ಬೆರಳಲ್ಲೇ ಸಿಕ್ಕಿತು. ಮುಂದಿನ ಸಲ ಬಂದಾಗ ಮೊಬೈಲಿನಲ್ಲಿ ಫೋಟೋ ತೋರಿಸಿದಳು.

"ಇಲ್ಲಿ ನೋಡು, ದುಂಡಗ ಕುಂತೈತಿ. ಮೈ ಕಾವು ಸಿಕ್ಕರ ಹಿಂಗ ದಾರ ಬಿಟ್ಟು ಚರ್ಮದಾಗ ಹೊಗತೈತಿ. ದಾರ ಬಿಡು ಅಂತ ಹುಕುಮ್ ಕೊಡೂದು ಅದರೊಳಗಿನ ಜೀನು. ಲವಂಗದಾಗಿನ ಒಂದು ರಸಾಯನ ಹಾಕಿದ್ವಿ. ಹುಕುಮ್ ಬಂದ್! ಮತ್ತ ದುಂಡಗ!"

"ಹಂಗಾರ ಲವಂಗದೆಣ್ಣಿ ಹಚ್ಚಲೇನು?"

"ಸುಟ್ಟೀತು. ಲ್ಯಾಬಿನ ಗಾಜಿನ ತಟ್ಟಿ ಬ್ಯಾರೆ, ನಿನ್ನ ಬೆರಳು ಬ್ಯಾರೆ. ಔಷಧ ಆಗೂದು ಇನ್ನ ಭಾಳ ದೂರ ಐತಿ."

"ಮತ್ತ ಇದು ಯಾರಿಗೆ ಉಪಯೋಗ?"

ಮುಬಾಶಿರಾ ತಲೆ ಕೆರೆದುಕೊಂಡಳು. "ಸದ್ಯಕ್ಕ ನನ್ನ ಪರೀಕ್ಷಾಕ್ಕ."

ಆ ವಾರವೇ ವಿರುಪಣ್ಣನ ಮನೆಯಲ್ಲಿ ಮಗಳು ಹೇಮಾವತಿಯ ಕುಬಸ. ಅವಳ ತಾಯಿ ಕಳಕಮ್ಮನ ಮದುವೆಗೂ ಬಳೆ ಇಡಿಸಿದ್ದು ಹಜರತಬೀಯೇ. ಹೇಮಾವತಿಯ ಜೊತೆ ಸಾಲಿ ಕಲಿತ ಮುಬಾಶಿರಾಳೂ ಬಂದಿದ್ದಳು. ಅವಸರದಲ್ಲಿ ಹಜರತಬೀ ಟ್ಯೂಬು ಹಚ್ಚುವುದು ಮರೆತಿದ್ದಳು.

ಸೋಪಿನ ನೀರಲ್ಲಿ ಕೈ ಇಟ್ಟ ಹೇಮಾವತಿ ಕೇಳಿದಳು: "ಚಾಚಿ, ಉಗುರಿಗೇನಾತು?"

ಹಜರತಬೀ 'ಒಲಿ ಸುಟ್ಟೈತವಾ' ಅನ್ನುವಷ್ಟರಲ್ಲಿ ಮುಬಾಶಿರಾ ಮೊಬೈಲು ತೆಗೆದಿದ್ದಳು. ಅವಳ ಮುಖದ ಹಿಗ್ಗು ನೋಡಿಯೇ ತಾಯಿ ಕಣ್ಣಲ್ಲೇ ಬೇಡವೆಂದಳು. ಇದು ಜೀವಂತ ಇರತೈತಿ, ಹಿಂಗ ದಾರ ಬಿಡತೈತಿ ಎಂದು ಮುಬಾಶಿರಾ ಪಾಠ ಒಪ್ಪಿಸಿದಳು. ಕಳಕಮ್ಮ ಮಗಳ ಕೈಯನ್ನು ನೀರಿನಿಂದ ಎಳೆದಳು.

"ಹೊಟ್ಯಾಗ ಕೂಸೈತಿ. ಬಿಡು!"

"ಹಂಗ ಹತ್ತಂಗಿಲ್ರಿ ಅತ್ತಿ. ಎಲ್ಲಾರ ಮೈಯಾಗೂ ಇರತೈತಿ. ನಿಮ್ಮ ಬಾಯಾಗೂ ಐತ್ರಿ."

"ನನ್ನ ಬಾಯಾಗ ಹುಳಾ ಅದಾವಂತಾಳ ನೋಡ್ರೇ! ನಮ್ಮನ್ಯಾಗ ನಿಂತು!"

ಯಾರೂ ನಗಲಿಲ್ಲ. ಹಜರತಬೀಗೆ ಅಕ್ಕಿ, ಬೆಲ್ಲ, ರವಿಕೆ ಕಣ ಕೊಟ್ಟರು. ಬಳೆ ಅಲ್ಲೇ ಇಡು, ನಾವ ಏರಸ್ತೀವಿ ಎಂದರು. ಹೊಸ್ತಿಲು ದಾಟುವಾಗ ಒಳಗೆ ಗಾಜು ಒಡೆದ ಸದ್ದು ಕೇಳಿತು. ಬಸುರಿಯ ಕೈಯಲ್ಲಿ ಬಳೆ ಒಡೆದ ಅಪಶಕುನವೂ ಹಜರತಬೀಯ ತಲೆಗೇ ಬಂತು.

ಸಾಬರ ಹೆಂಗಸನ್ನು ಒಳಗೆ ಬಿಡದಿರಲು ಕಾರಣ ಹುಡುಕುತ್ತಿದ್ದವರಿಗೆ ಈಗ ಉಗುರು ಸಿಕ್ಕಿತು. ಊರೂರಿನ ಬಾಗಿಲು ಮುಚ್ಚಿದವು.

"ನಿನ್ನ ಸಾಲಿ ಮಾತು ಸಾಲ್ಯಾಗ ಇಡಬೇಕಿತ್ತು," ಎಂದು ಹಜರತಬೀ ಮಗಳಿಗೆ ಒಂದೇ ಸಲ ಅಂದಳು. ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂದ ದಿನ ಮುಬಾಶಿರಾ ಅದನ್ನು ಮನೆಯಲ್ಲಿ ಹೇಳಲಿಲ್ಲ.

ಹಜರತಬೀ ಹನುಮನಹಳ್ಳಿ ರಸ್ತೆಬದಿ ಕುಳಿತು ಪ್ಲಾಸ್ಟಿಕ್ ಡಬ್ಬಿಯ ಬಳೆ ಮಾರತೊಡಗಿದಳು. ಬಂದವರು ತಾವೇ ಏರಿಸಿಕೊಂಡು ಹೋಗುವರು. ಸೋಪಿಲ್ಲ, ನೀರಿಲ್ಲ, ಯಾರ ಕೈಯೂ ಇಲ್ಲ. ಮುಚ್ಚಿಡುವ ಗರಜು ಇಲ್ಲದ್ದರಿಂದ ಟ್ಯೂಬೂ ನಿಂತಿತು. ಮೊದಲು ಏರಿದ ಬಾವು, ಕೈ ಒಣಗಿಯೇ ಇದ್ದುದರಿಂದ, ತಾನಾಗಿ ಇಳಿಯಿತು; ಹೊಸ ಉಗುರು ಬುಡದಿಂದ ತಿಳಿಯಾಗಿ ಬೆಳೆಯಿತು. ಯಾವ ರಸಾಯನವೂ ಮಾಡದ್ದನ್ನು ನಿರುದ್ಯೋಗ ಮಾಡಿತು.

ಹೇಮಾವತಿ ಹಡೆದ ಸುದ್ದಿ ಬಂತು. ಕೂಸಿನ ಕರಿಬಳೆ ತೆಗೆದುಕೊಂಡು ಹಜರತಬೀ ವಿರುಪಣ್ಣನ ಕಟ್ಟೆಗೆ ಹೋಗಿ ಹತ್ತೂ ಬೆರಳು ಚಾಚಿ ನಿಂತಳು.

"ಛಲೋ ಆಗ್ಯಾವ ಬಿಡು," ಎಂದಳು ಕಳಕಮ್ಮ, ದೂರದಿಂದಲೇ ನೋಡಿ. "ಆದ್ರ ಈಗ ನಾವು ಅಂಗಡ್ಯಾಗಿಂದ ತರತೀವಿ. ಬಿಸಲಾಗ ಬಂದೀದಿ, ನೀರು ಕುಡಿ."

ನೀರು ಮೇಲಿನಿಂದ ಬಿತ್ತು. ಹಜರತಬೀ ಬೊಗಸೆಯೊಡ್ಡಿ ಕುಡಿದು, ಡಾಕ್ಟರು ಹೇಳಿದಂತೆ ಬೆರಳ ಸಂದೂ ಬಿಡದೆ ಸೆರಗಿಗೆ ಒರೆಸಿಕೊಂಡಳು.